ಬಾಯಿಗೇಕೆ ಬೂಷ್ಟು ಹಿಡಿಯುವುದಿಲ್ಲ?

ಮಳೆಗಾಲದಲ್ಲಿ ಬೆಟ್ಟದಪುರದ ಸುತ್ತಿನ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳು ಹಗಲೂ ರಾತ್ರಿ ಉರಿಯುತ್ತವೆ. ಹಸಿರು ಸೊಪ್ಪು ಒಳಗೆ ಹೋಗಿ, ಹಳದಿಯಾಗಿ, ಒಣಗಿ ಹೊರಬರುತ್ತದೆ. ಆಮೇಲೆ ಅದನ್ನು ಮನೆಯಲ್ಲಿ ಜೋಡಿಸಿಟ್ಟು ಹರಾಜಿನ ದಿನಕ್ಕಾಗಿ ಕಾಯುವ ರೈತನಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಸೊಪ್ಪಿಗೆ ತೇವ ತಗುಲಿ ಬೂಷ್ಟು ಹಿಡಿದರೆ? ಬೂಷ್ಟು ಹಿಡಿದ ಸೊಪ್ಪಿಗೆ ಬೆಲೆ ಎಲ್ಲಿದೆ?

ಅಡುಗೆಮನೆಯ ಕತೆಯೂ ಇದೇ. ಮೂಲೆಯಲ್ಲಿ ಮರೆತುಹೋದ ರೊಟ್ಟಿಯ ಚೂರು, ಒದ್ದೆ ಚಮಚ ಹಾಕಿದ ಉಪ್ಪಿನಕಾಯಿ ಜಾಡಿ, ಮಳೆಯಲ್ಲಿ ನೆನೆದ ಚರ್ಮದ ಚಪ್ಪಲಿ, ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ತೇವ, ಬೆಚ್ಚನೆಯ ಗಾಳಿ, ಒಂದಿಷ್ಟು ಆಹಾರ, ಇವಿಷ್ಟಿದ್ದರೆ ಅದಕ್ಕೆ ಸಾಕು.

ಹಾಗಾದರೆ ಮನುಷ್ಯನ ಬಾಯಿಯನ್ನು ನೋಡಿ. ಒಳಗೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಬಿಸಿ. ಸದಾ ತೇವ. ದಿನಕ್ಕೆ ಮೂರು ಹೊತ್ತು ಮುದ್ದೆ, ಅನ್ನ, ಸಾರು. ನಡುನಡುವೆ ಸಕ್ಕರೆ ಹಾಕಿದ ಕಾಫಿ, ಟೀ. ಬೂಷ್ಟಿಗೆ ಇದಕ್ಕಿಂತ ಸುಖದ ಮನೆ ಇನ್ನೊಂದಿಲ್ಲ. ಆದರೂ ಸಾಮಾನ್ಯವಾಗಿ ಬಾಯಿಗೆ ಬೂಷ್ಟು ಹಿಡಿಯುವುದಿಲ್ಲ. ಹುಟ್ಟಿದಂದಿನಿಂದ ಸಾಯುವವರೆಗೆ ಆ ಕತ್ತಲ ಕೋಣೆಯನ್ನು ಯಾರು ಕಾಯುತ್ತಾರೆ?

ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ಈ ಸೀಮೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ಎರಡು ತಿಂಗಳ ಕೂಸಿದೆ. ಅದರ ನಾಲಿಗೆ, ಕೆನ್ನೆಯ ಒಳಭಾಗವೆಲ್ಲ ಮೊಸರು ಮೆತ್ತಿದಂತೆ ಬೆಳ್ಳಗಾಗಿದೆ. ಅಜ್ಜಿಗೆ ಉಬ್ಬಸ. ವೈದ್ಯರು ಕೊಟ್ಟ ಇನ್ಹೇಲರ್ ಎಳೆದುಕೊಳ್ಳುತ್ತಿದ್ದರು. ಅವರ ಬಾಯಲ್ಲೂ ಬಿಳಿ ಪದರ ಕಾಣಿಸಿಕೊಂಡಿದೆ. "ಈ ಹಾಳು ಔಸ್ದಿಯಿಂದ್ಲೇ ಬಾಯಿ ಹಿಂಗಾಗಿರೋದು ಕನ ಮಗ. ನಂಗೆ ಬ್ಯಾಡ" ಎಂದು ಇನ್ಹೇಲರನ್ನು ಗೂಡಿಗೆ ಎಸೆದುಬಿಟ್ಟಿದ್ದಾರೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಅಗಿಯುವ ತಾತನ ಕೆನ್ನೆಯೊಳಗೂ ಒಂದು ಬಿಳಿ ಮಚ್ಚೆ ಇದೆ, ಆದರೆ ಅವರು ಯಾರಿಗೂ ಹೇಳಿಲ್ಲ. ಒಂಬತ್ತನೆಯ ತರಗತಿಯ ಮೊಮ್ಮಗ ಇದನ್ನೆಲ್ಲ ನೋಡುತ್ತಿದ್ದಾನೆ. ಬಣ್ಣ ಒಂದೇ, ಬಿಳಿ. ಆದರೆ ಮೂರೂ ಒಂದೇ ಕತೆಯೇ?

ಜಗಲಿಯ ಮೇಲಿನ ಅತಿಥಿ

ಬೂಷ್ಟು ಬಾಯಿಗೆ ಬಂದೇ ಇಲ್ಲ ಎಂದುಕೊಂಡರೆ ಅದು ತಪ್ಪು. ಬಂದಿದೆ, ಬಂದು ಮನೆ ಮಾಡಿಕೊಂಡೂ ಇದೆ. ಆರೋಗ್ಯವಂತರಲ್ಲಿಯೇ ಸುಮಾರು ಅರ್ಧದಷ್ಟು ಜನರ ಬಾಯಲ್ಲಿ ಒಂದು ಜಾತಿಯ ಶಿಲೀಂಧ್ರ ವಾಸವಾಗಿರುತ್ತದೆ. ಅದರ ಹೆಸರು ಕ್ಯಾಂಡಿಡಾ ಅಲ್ಬಿಕನ್ಸ್. ಲ್ಯಾಟಿನ್ ಭಾಷೆಯಲ್ಲಿ ಎರಡೂ ಪದಗಳಿಗೆ ಬಿಳುಪಿನ ಅರ್ಥವೇ ಇದೆ. ಜರ್ಮನಿಯ ಶಸ್ತ್ರವೈದ್ಯ ಲಾಂಗೆನ್‌ಬೆಕ್ 1839ರಲ್ಲಿ ರೋಗಿಯೊಬ್ಬನ ಬಾಯಿಯ ಬಿಳಿ ಪದರದಲ್ಲಿ ಶಿಲೀಂಧ್ರವನ್ನು ಕಂಡು ಬರೆದಿಟ್ಟ. ಈ ಗುಂಪಿಗೆ ಕ್ಯಾಂಡಿಡಾ ಎಂಬ ಹೆಸರನ್ನು 1923ರಲ್ಲಿ ಕೊಟ್ಟವರು ಹಾಲೆಂಡಿನ ಕ್ರಿಸ್ಟೀನ್ ಬೆರ್ಕ್‌ಹೌಟ್ ಎಂಬ ಮಹಿಳೆ.

ಕ್ಯಾಂಡಿಡಾಗೆ ಎರಡು ವೇಷಗಳಿವೆ. ಶಾಂತವಾಗಿರುವಾಗ ಅದು ದುಂಡನೆಯ ಕಣ. ಬೇಕರಿಯವರು ಬ್ರೆಡ್ಡಿಗೆ ಹಾಕುವ ಯೀಸ್ಟಿನಂತೆ ಮೊಗ್ಗು ಬಿಟ್ಟು ಒಂದು ಎರಡಾಗುತ್ತದೆ. ಒಂದು ಕಣದ ಅಗಲ ಮಿಲಿಮೀಟರಿನ ಸುಮಾರು ಇನ್ನೂರರಲ್ಲಿ ಒಂದು ಭಾಗ. ಈ ರೂಪದಲ್ಲಿ ಅದು ಜಗಲಿಯ ಮೇಲೆ ಕುಳಿತ ಅತಿಥಿಯಂತೆ. ಉಳಿದ ಚೂರುಪಾರು ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ.

ಸಮಯ ಸಿಕ್ಕಾಗ ಮಾತ್ರ ವೇಷ ಬದಲಾಗುತ್ತದೆ. ದುಂಡು ಕಣದಿಂದ ಒಂದು ಎಳೆ ಹೊರಟು ನೂಲಿನಂತೆ ಉದ್ದವಾಗುತ್ತದೆ. ಮುಂದಕ್ಕೆ ಒತ್ತಿಕೊಂಡು ಬೆಳೆಯುವುದೇ ಅದರ ಗುಣ. ಜಗಲಿಯ ಮೇಲಿದ್ದ ಅತಿಥಿ ಈಗ ಹಾರೆ ಹಿಡಿದು ಗೋಡೆಗೆ ಕನ್ನ ಹಾಕುವ ಕಳ್ಳನಾದ. ಬಾಯಿಯ ರಕ್ಷಣೆಯ ಗುಟ್ಟೆಲ್ಲ ಇರುವುದು ಇಲ್ಲಿಯೇ. ಅತಿಥಿ ಯಾರು, ಕಳ್ಳ ಯಾರು ಎಂದು ಗುರುತಿಸುವುದು. ಅದೂ ಇಬ್ಬರೂ ಒಬ್ಬನೇ ಆಗಿರುವಾಗ!

ಗಾಜಿನ ಮೇಲೆ ಕಂಡ ಕಾವಲುಗಾರ

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಈ ಕಾವಲುಗಾರನ ಪರಿಚಯ ಆಗಲೇ ಆಗಿದೆ. ಶುದ್ಧವಾದ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಸವರಿ, ಅದನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಒಂದು ಹನಿ ಮೆಥಿಲೀನ್ ಬ್ಲೂ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ರಯೋಗವನ್ನು ಮಾಡದ ಶಾಲೆ ಅಪರೂಪ. ಹಪ್ಪಳದಂತೆ ಚಪ್ಪಟೆಯಾದ, ಅಂಚು ಮಡಿಚಿದ ಜೀವಕೋಶಗಳು, ನಡುವೆ ಕಡುನೀಲಿ ಚುಕ್ಕೆಯಂತೆ ಕೋಶಕೇಂದ್ರ. ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ಪಡೆದು ಮುಂದೆ ಹೋಗುವುದು ವಾಡಿಕೆ.

ಆದರೆ ಒಂದು ಸಂಗತಿಯನ್ನು ಯೋಚಿಸಬೇಕು. ಅಷ್ಟು ಮೆದುವಾಗಿ ಸವರಿದರೂ ಆ ಕೋಶಗಳು ಕಿತ್ತು ಬಂದದ್ದು ಹೇಗೆ? ಏಕೆಂದರೆ ಅವು ಉದುರುವುದಕ್ಕೆ ಸಿದ್ಧವಾಗಿಯೇ ಇದ್ದವು. ಬಾಯಿಯ ಒಳಗೋಡೆ ಒಂದೇ ಪದರದ್ದಲ್ಲ. ಹೆಂಚಿನ ಮೇಲೆ ಹೆಂಚು ಜೋಡಿಸಿದಂತೆ ಹಲವು ಪದರಗಳ ಅನುಲೇಪಕ ಅಂಗಾಂಶ ಅದು. ತಳದಲ್ಲಿ ಹೊಸ ಕೋಶಗಳು ಹುಟ್ಟುತ್ತಾ ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಮೇಲೆ ಬಂದವು ಚಪ್ಪಟೆಯಾಗಿ ಉದುರಿ ಜೊಲ್ಲಿನೊಡನೆ ಹೊಟ್ಟೆ ಸೇರುತ್ತವೆ. ಕೆನ್ನೆಯ ಒಳಪದರ ಪೂರ್ತಿ ಹೊಸದಾಗಲು ಸುಮಾರು ಎರಡು ವಾರ ಸಾಕು. ಮೇಲಿನ ಕೋಶಕ್ಕೆ ಅಂಟಿಕೊಂಡ ಶಿಲೀಂಧ್ರಕ್ಕೆ ಇದಕ್ಕಿಂತ ಕಷ್ಟ ಇನ್ನೇನು? ಹಿಡಿದ ಕೊಂಬೆಯೇ ಮುರಿದು ಹೊಳೆಯಲ್ಲಿ ಕೊಚ್ಚಿಹೋದಂತೆ.

ಆ ಹೊಳೆ ಎಂದರೆ ಜೊಲ್ಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಹರಿಯುತ್ತದೆ. ಅದು ಬರೀ ನೀರಲ್ಲ. ಬ್ಯಾಕ್ಟೀರಿಯಾಗಳ ಗೋಡೆ ಒಡೆಯುವ ಲೈಸೋಜೈಮ್, ಸೂಕ್ಷ್ಮಜೀವಿಗಳಿಗೆ ಬೇಕಾದ ಕಬ್ಬಿಣವನ್ನು ಮೊದಲೇ ಕಸಿದುಕೊಳ್ಳುವ ಲ್ಯಾಕ್ಟೋಫೆರಿನ್, ಕ್ಯಾಂಡಿಡಾವನ್ನೇ ಕೊಲ್ಲಬಲ್ಲ ಹಿಸ್ಟಾಟಿನ್ ಎಂಬ ಪುಟ್ಟ ಪ್ರೋಟೀನು, ಎಲ್ಲವೂ ಅದರಲ್ಲಿವೆ. ಇದರ ಜೊತೆಗೆ ಬಾಯಿಯ ಖಾಯಂ ನಿವಾಸಿಗಳಾದ ಬ್ಯಾಕ್ಟೀರಿಯಾಗಳು ಜಾಗಕ್ಕೂ ಆಹಾರಕ್ಕೂ ಪೈಪೋಟಿ ನಡೆಸಿ ಶಿಲೀಂಧ್ರವನ್ನು ಹದ್ದಿನಲ್ಲಿಡುತ್ತವೆ.

ಬಹಳ ಕಾಲ ವಿಜ್ಞಾನಿಗಳೂ ಇಷ್ಟೇ ಎಂದುಕೊಂಡಿದ್ದರು. ಬಾಯಿಯ ಜೀವಕೋಶ ಬರೀ ಗೋಡೆಯ ಇಟ್ಟಿಗೆ. ಯುದ್ಧ ಮಾಡುವವು ರಕ್ತದ ಬಿಳಿ ಕಣಗಳು ಎಂಬುದು ನಂಬಿಕೆಯಾಗಿತ್ತು. ಆದರೆ ಇಟ್ಟಿಗೆಗೂ ಕಣ್ಣಿದೆ, ಬಾಯಿದೆ ಎಂಬುದು ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ.

ಇಟ್ಟಿಗೆ ಕೂಗಿ ಕರೆಯುತ್ತದೆ

ದುಂಡು ಕಣದ ಕ್ಯಾಂಡಿಡಾ ಕೆನ್ನೆಯ ಕೋಶವನ್ನು ಮುಟ್ಟಿದಾಗ ಕೋಶ ಅದನ್ನು ಗಮನಿಸುತ್ತದೆ. ಒಳಗೆ ಸಣ್ಣದೊಂದು ಸಂಕೇತ ಓಡುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಣ್ಣಗಾಗುತ್ತದೆ. ಬಾಗಿಲಲ್ಲಿ ಯಾರೋ ಕೆಮ್ಮಿದರೆ ಒಮ್ಮೆ ತಲೆಯೆತ್ತಿ ನೋಡಿ, ಗೊತ್ತಿದ್ದವರೇ ಎಂದು ಮತ್ತೆ ಕೆಲಸಕ್ಕೆ ಕೂರುವ ಮನೆಯವರಂತೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಜ್ಞಾನಿಗಳು 2010ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಎಳೆಯ ರೂಪ ಬಂದಾಗ, ಅದೂ ಅವುಗಳ ಸಂಖ್ಯೆ ಒಂದು ಮಿತಿಯನ್ನು ದಾಟಿದಾಗ ಮಾತ್ರ, ಕೋಶದಲ್ಲಿ ಎರಡನೆಯ ಸಂಕೇತ ಜೋರಾಗಿ ಏಳುತ್ತದೆ. ಅದೇ ಅಪಾಯದ ಗಂಟೆ.

ಗಂಟೆ ಬಾರಿಸುವುದು ಯಾವುದು? ಇದಕ್ಕೆ ಉತ್ತರ ಸಿಕ್ಕಿದ್ದು 2016ರಲ್ಲಿ. ಲಂಡನ್ನಿನ ಜೂಲಿಯನ್ ನ್ಯಾಗ್ಲಿಕ್, ಡೇವಿಡ್ ಮೋಯ್ಸ್, ಜರ್ಮನಿಯ ಯೇನಾ ನಗರದ ಬರ್ನ್‌ಹಾರ್ಡ್ ಹ್ಯೂಬೆ ಮತ್ತು ಅವರ ಜೊತೆಗಾರರು ಎಳೆಯ ರೂಪದ ಕ್ಯಾಂಡಿಡಾ ಉಗುಳುವ ಒಂದು ವಿಷವನ್ನು ಕಂಡುಹಿಡಿದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಕ್ಯಾಂಡಿಡಾಲೈಸಿನ್ ಎಂದು ಹೆಸರಿಟ್ಟರು. ಬರೀ 31 ಅಮೈನೋ ಆಮ್ಲಗಳ ಪುಟ್ಟ ಸರಪಳಿ ಅದು. ಮನುಷ್ಯನಿಗೆ ರೋಗ ತರುವ ಶಿಲೀಂಧ್ರವೊಂದರಲ್ಲಿ ಜೀವಕೋಶವನ್ನು ಒಡೆಯುವ ಇಂತಹ ವಿಷ ಸಿಕ್ಕಿದ್ದು ಅದೇ ಮೊದಲು.

ಕ್ಯಾಂಡಿಡಾಲೈಸಿನ್ ಕೆಲಸ ಮಾಡುವ ರೀತಿ ಸರಳ. ಎಳೆ ಎರಡು ದಾರಿಗಳಿಂದ ಕೋಶದೊಳಗೆ ಇಳಿಯುತ್ತದೆ. ಒಂದು ಮೋಸದ ದಾರಿ. ಎಳೆಯ ಮೈಮೇಲಿರುವ ಒಂದು ಪ್ರೋಟೀನು, ಕೋಶಗಳು ಒಂದನ್ನೊಂದು ಕೈಹಿಡಿಯುವ ಪ್ರೋಟೀನಿನಂತೆ ನಟಿಸುತ್ತದೆ. ನಮ್ಮವನೇ ಇರಬೇಕೆಂದು ಕೋಶವೇ ಅದನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಇನ್ನೊಂದು ಬಲದ ದಾರಿ, ತುದಿಯಿಂದ ಒತ್ತಿ ನುಗ್ಗುವುದು. ಹೀಗೆ ಮಾಡಿಕೊಂಡ ಸಂದಿಯಲ್ಲಿ ವಿಷ ಶೇಖರವಾಗಿ ಕೋಶದ ಪೊರೆಯಲ್ಲಿ ತೂತು ಕೊರೆಯುತ್ತದೆ. ತೂತಿನಿಂದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಒಳಗಿರಬೇಕಾದ ವಸ್ತುಗಳು ಹೊರಗೆ ಸೋರುತ್ತವೆ.

ಇಲ್ಲಿ ಒಂದು ವಿಚಿತ್ರವಿದೆ. ಕಳ್ಳನ ಹಾರೆಯ ಸದ್ದೇ ಮನೆಯವರನ್ನು ಎಚ್ಚರಿಸುತ್ತದೆ! ಹೀಗೆ ನುಗ್ಗಿದ ಕ್ಯಾಲ್ಸಿಯಂ ಮತ್ತು ಪೊರೆಗೆ ಆದ ಗಾಯವನ್ನೇ ಕೋಶ 'ಕನ್ನ ಬಿದ್ದಿದೆ' ಎಂದು ಓದಿಕೊಳ್ಳುತ್ತದೆ. ಯಾವ ಆಯುಧದಿಂದ ಶಿಲೀಂಧ್ರ ಗೋಡೆ ಒಡೆಯಬೇಕೋ ಅದೇ ಆಯುಧ ಅದನ್ನು ಹಿಡಿದುಕೊಡುತ್ತದೆ. ದುಂಡು ರೂಪದಲ್ಲಿದ್ದಾಗ ಈ ವಿಷ ಉತ್ಪತ್ತಿಯಾಗುವುದಿಲ್ಲವೆಂದೇ ಹೇಳಬಹುದು. ಅತಿಥಿಯ ಮೇಲೆ ಕೈಮಾಡದೆ, ಕಳ್ಳನ ಮೇಲೆ ಮಾತ್ರ ಕೂಗೆಬ್ಬಿಸುವ ಜಾಣತನ ಬಾಯಿಗೆ ಬಂದದ್ದು ಹೀಗೆ.

ಎಚ್ಚೆತ್ತ ಕೋಶ ಮೂರು ಕೆಲಸ ಮಾಡುತ್ತದೆ. ಮೊದಲನೆಯದು, ತನ್ನ ಗಾಯಕ್ಕೆ ತೇಪೆ ಹಾಕಿಕೊಳ್ಳುವುದು. ತೂತಾದ ಪೊರೆಯ ಭಾಗವನ್ನು ಗುಳ್ಳೆಯಂತೆ ಹೊರಕ್ಕೆ ಕಳಚಿ ಹಾಕುತ್ತದೆ. ಒಳಗಿನ ಲೈಸೋಸೋಮ್ ಎಂಬ ಚೀಲಗಳನ್ನು ತಂದು ಬಿರುಕಿಗೆ ಮೆತ್ತುತ್ತದೆ. ಈ ದುರಸ್ತಿಯ ವಿವರ ತಿಳಿದದ್ದು 2022ರಷ್ಟು ಈಚೆಗೆ. ಎರಡನೆಯದು, ಡಿಫೆನ್ಸಿನ್ ಎಂಬ ಶಿಲೀಂಧ್ರನಾಶಕ ಪ್ರೋಟೀನುಗಳನ್ನು ತಯಾರಿಸುವುದು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕೂಗಿ ಕರೆಯುವುದು. ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಸುತ್ತಲೂ ಬಿಡುಗಡೆ ಮಾಡುತ್ತದೆ. ಅವು ರಕ್ತನಾಳವನ್ನು ಮುಟ್ಟಿದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಗುಂಪುಗುಂಪಾಗಿ ಬಂದು ಎಳೆಗಳನ್ನು ಸುತ್ತುವರಿದು ನಾಶಮಾಡುತ್ತವೆ.

ಈ ಕೂಗಾಟದಲ್ಲಿ ಇಂಟರ್‌ಲ್ಯೂಕಿನ್-17 ಎಂಬ ಒಂದು ಸಂದೇಶವಾಹಕಕ್ಕೆ ವಿಶೇಷ ಸ್ಥಾನವಿದೆ. ಇದನ್ನು ಹೊರಡಿಸುವವು ಲಿಂಫೋಸೈಟ್ ಎಂಬ ಬಿಳಿ ಕಣಗಳು. ಕೇಳಿಸಿಕೊಂಡು ಡಿಫೆನ್ಸಿನ್ ಹೆಚ್ಚಿಸುವವು ಬಾಯಿಯ ಕೋಶಗಳು. ಹುಟ್ಟಿನಿಂದಲೇ ಈ ಸಂದೇಶದ ವ್ಯವಸ್ಥೆ ಕೆಟ್ಟಿರುವ ಕೆಲವೇ ಕೆಲವು ಮಕ್ಕಳು ಜಗತ್ತಿನಲ್ಲಿದ್ದಾರೆ. ಅವರ ಬಾಯಿ, ಚರ್ಮ, ಉಗುರುಗಳಿಗೆ ಕ್ಯಾಂಡಿಡಾ ಮತ್ತೆ ಮತ್ತೆ ಅಂಟಿಕೊಳ್ಳುತ್ತದೆ. ಪ್ಯಾರಿಸ್ಸಿನ ಸಂಶೋಧಕರು ಇದರ ಮೂಲವನ್ನು ವಂಶವಾಹಿಯಲ್ಲಿ ಗುರುತಿಸಿದ್ದು 2011ರಲ್ಲಿ. ಒಂದು ಸಂದೇಶ ನಿಂತರೆ ಸಾಕು, ಜಗಲಿಯ ಅತಿಥಿ ಮನೆಯ ಯಜಮಾನನಾಗುತ್ತಾನೆ.

ಕಾವಲು ಸಡಿಲವಾದದ್ದು ಎಲ್ಲಿ?

ಇಷ್ಟು ತಿಳಿದ ಮೇಲೆ ಬಾಯಲ್ಲಿ ಬಿಳಿ ಪದರ ಕಂಡಾಗ ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ. 'ಈ ಬೂಷ್ಟು ಎಲ್ಲಿಂದ ಬಂತು?' ಎಂದು ಕೇಳಿ ಪ್ರಯೋಜನವಿಲ್ಲ. ಅದು ಮೊದಲೇ ಅಲ್ಲಿತ್ತು. 'ಕಾವಲು ಸಡಿಲವಾದದ್ದು ಎಲ್ಲಿ?' ಎಂದು ಕೇಳಬೇಕು. ವೈದ್ಯರು ಥ್ರಶ್ ಎಂದು ಕರೆಯುವ ಈ ರೋಗ ಹೆಚ್ಚಿನ ಸಲ ಬೇರೇನನ್ನೋ ಹೇಳಲು ಬಂದ ದೂತ.

ಕೂಸಿನ ವಿಷಯದಲ್ಲಿ ಉತ್ತರ ಸುಲಭ. ಅದರ ಕಾವಲು ಪಡೆ ಇನ್ನೂ ಕೆಲಸ ಕಲಿಯುತ್ತಿದೆ. ಬಾಯಿಯ ಬ್ಯಾಕ್ಟೀರಿಯಾಗಳೂ ಇನ್ನೂ ನೆಲೆಯೂರಿಲ್ಲ. ಆದ್ದರಿಂದ ಹಸುಗೂಸುಗಳಲ್ಲಿ ಥ್ರಶ್ ಸಾಮಾನ್ಯ. ನಾಲಿಗೆಯ ಮೇಲೆ ಮಾತ್ರ ಇದ್ದು ಒದ್ದೆ ಬಟ್ಟೆಯಿಂದ ಸವರಿದ ಕೂಡಲೇ ಹೋದರೆ ಅದು ಹಾಲಿನ ಅಂಶ. ಕೆನ್ನೆ, ತುಟಿಯ ಒಳಭಾಗದಲ್ಲೂ ಇದ್ದು ಸುಲಭವಾಗಿ ಬಾರದಿದ್ದರೆ ಥ್ರಶ್ ಇರಬಹುದು. ಅದನ್ನು ಬಲವಂತವಾಗಿ ಉಜ್ಜಿದರೆ ಕೆಳಗಿನ ಎಳೆಯ ಪದರ ಕಿತ್ತು ರಕ್ತ ಒಸರುತ್ತದೆ. ಎಂದರೆ, ಕಳ್ಳನನ್ನು ಓಡಿಸುವ ಭರದಲ್ಲಿ ಗೋಡೆಯನ್ನೇ ಕೆಡವಿದಂತೆ! ಜೇನುತುಪ್ಪ ನೆಕ್ಕಿಸುವ ಪದ್ಧತಿಯೂ ಕೆಲವು ಮನೆಗಳಲ್ಲಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಹಸುಳೆಯ ಕರುಳಿನಲ್ಲಿ ಮೊಳೆತು ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ರೋಗ ತರಬಲ್ಲವು. ವೈದ್ಯರು ಕೊಡುವ ಹನಿ ಔಷಧಿ ಸಾಕು. ತಾಯಿಯ ಮೊಲೆತೊಟ್ಟಿಗೂ ಸೋಂಕು ತಗುಲಿದ್ದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು.

ಅಜ್ಜಿಯ ಇನ್ಹೇಲರಿನಲ್ಲಿ ಸ್ಟಿರಾಯ್ಡ್ ಔಷಧಿ ಇರುತ್ತದೆ. ಶ್ವಾಸನಾಳದ ಉರಿಯೂತವನ್ನು ತಣಿಸುವುದು ಅದರ ಕೆಲಸ. ಆದರೆ ಎಳೆದುಕೊಂಡಾಗ ಒಂದು ಪಾಲು ಬಾಯಲ್ಲೇ ಉಳಿಯುತ್ತದೆ. ಅಲ್ಲಿನ ಕೋಶಗಳ ಕೂಗನ್ನೂ ತಣಿಸಿಬಿಡುತ್ತದೆ. ಗಂಟೆಗೆ ಬಟ್ಟೆ ಸುತ್ತಿದಂತೆ. ಇದಕ್ಕೆ ಪರಿಹಾರ ಔಷಧಿ ಬಿಡುವುದಲ್ಲ. ಉಬ್ಬಸದವರು ದಿನವೂ ತೆಗೆದುಕೊಳ್ಳಬೇಕಾದ ಇನ್ಹೇಲರನ್ನು ತಾವಾಗಿಯೇ ನಿಲ್ಲಿಸಿದರೆ ಒಂದು ರಾತ್ರಿ ಉಸಿರು ಕಟ್ಟಿ ಆಸ್ಪತ್ರೆಗೆ ಓಡಬೇಕಾದೀತು. ಪ್ರತಿ ಸಲ ಎಳೆದುಕೊಂಡ ನಂತರ ನೀರಿನಿಂದ ಬಾಯಿ ಮುಕ್ಕುಳಿಸಿ, ಗಂಟಲು ಗುಳಗುಳಿಸಿ, ಉಗುಳಿಬಿಡಬೇಕು. ಸ್ಪೇಸರ್ ಎಂಬ ಕೊಳವೆಯ ಮೂಲಕ ಎಳೆದುಕೊಂಡರೆ ಬಾಯಲ್ಲಿ ಉಳಿಯುವ ಔಷಧಿ ಇನ್ನೂ ಕಡಿಮೆ. ಹಲ್ಲಿನ ಸೆಟ್ಟು ಹಾಕಿಕೊಳ್ಳುವವರು ರಾತ್ರಿ ಅದನ್ನು ತೆಗೆದು ತೊಳೆದಿಡಬೇಕು. ಸೆಟ್ಟಿನ ಕೆಳಗೆ ಜೊಲ್ಲು ಹರಿಯುವುದಿಲ್ಲ. ಹೊಳೆ ಹರಿಯದ ಕಡೆ ಕ್ಯಾಂಡಿಡಾ ಬಲಿಯುತ್ತದೆ. ಅಲ್ಲಿ ಅದು ಬಿಳಿಯಾಗಿ ಕಾಣದೆ ಬರೀ ಕೆಂಪು ಕಲೆಯಾಗಿಯೂ ಕಾಣಬಹುದು.

ಇನ್ನೂ ಕೆಲವು ಕಾರಣಗಳಿವೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಜೊಲ್ಲಿನಲ್ಲಿ ಸಕ್ಕರೆ ಹೆಚ್ಚುತ್ತದೆ, ನ್ಯೂಟ್ರೋಫಿಲ್‌ಗಳು ಮಂಕಾಗುತ್ತವೆ. ಸಣ್ಣ ಜ್ವರಕ್ಕೂ ಅಂಗಡಿಯಿಂದ ತಾವೇ ಆ್ಯಂಟಿಬಯೋಟಿಕ್ ತಂದು ನುಂಗಿದರೆ ಬಾಯಿಯ ಬ್ಯಾಕ್ಟೀರಿಯಾಗಳು ಸತ್ತು ಶಿಲೀಂಧ್ರಕ್ಕೆ ಖಾಲಿ ಜಾಗ ಸಿಗುತ್ತದೆ; ಆ ಔಷಧಿಗಳು ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಬೀಡಿ, ಸಿಗರೇಟು ಬಾಯಿಯ ಒಳಪದರವನ್ನು ಕೆಡಿಸಿ ಕ್ಯಾಂಡಿಡಾಗೆ ದಾರಿ ಮಾಡುತ್ತವೆ. ಕ್ಯಾನ್ಸರ್ ಚಿಕಿತ್ಸೆಯ ವಿಕಿರಣದಿಂದ ಜೊಲ್ಲಿನ ಗ್ರಂಥಿ ಒಣಗಿದವರಿಗೂ ಇದೇ ಪಾಡು.

ಏಡ್ಸ್ ರೋಗ ಜಗತ್ತಿಗೆ ಗೊತ್ತಾದದ್ದರಲ್ಲೂ ಈ ಬಿಳಿ ಪದರದ ಪಾಲಿದೆ. 1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಐವರು ಯುವಕರ ಬಗೆಗೆ ಪ್ರಕಟವಾದ ಮೊದಲ ವರದಿಯಲ್ಲಿ ಅಪರೂಪದ ನ್ಯುಮೋನಿಯಾದ ಜೊತೆ ಕ್ಯಾಂಡಿಡಾ ಸೋಂಕೂ ದಾಖಲಾಗಿತ್ತು. ಹೆಚ್.ಐ.ವಿ. ವೈರಸ್ಸು ಕೊಲ್ಲುವುದು ಇಂಟರ್‌ಲ್ಯೂಕಿನ್-17 ಕಳುಹಿಸುವಂತಹ ಲಿಂಫೋಸೈಟ್‌ಗಳನ್ನೇ. ಆದ್ದರಿಂದ ಗಟ್ಟಿಮುಟ್ಟಾದ ವಯಸ್ಕರಲ್ಲಿ ಕಾರಣವಿಲ್ಲದೆ ಥ್ರಶ್ ಕಂಡರೆ ವೈದ್ಯರು ಸಕ್ಕರೆಯ ಜೊತೆಗೆ ಈ ಪರೀಕ್ಷೆಯನ್ನೂ ಮಾಡಿಸಲು ಹೇಳಬಹುದು. ಅದಕ್ಕೆ ನಾಚಿಕೆ ಬೇಡ, ಸಿಟ್ಟೂ ಬೇಡ. 2004ರಿಂದ ಭಾರತದ ಸರ್ಕಾರಿ ಕೇಂದ್ರಗಳಲ್ಲಿ ಇದಕ್ಕೆ ಉಚಿತ ಔಷಧಿ ಸಿಗುತ್ತಿದೆ. ಬೇಗ ತಿಳಿದಷ್ಟೂ ಬಾಳು ದೀರ್ಘ.

ತಾತನ ಮಚ್ಚೆಯ ಕತೆ ಮಾತ್ರ ಬೇರೆ. ಥ್ರಶ್‌ನ ಪದರವನ್ನು ಕೆರೆದರೆ ಬರುತ್ತದೆ. ಎಷ್ಟು ಒರೆಸಿದರೂ ಬಾರದ, ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲೇ ಇರುವ ಬಿಳಿ ಮಚ್ಚೆ ಲ್ಯೂಕೋಪ್ಲೇಕಿಯಾ ಇರಬಹುದು. ಅಲ್ಲಿ ಕೆಟ್ಟಿರುವುದು ಅತಿಥಿಯಲ್ಲ, ಕಾವಲುಗಾರನೇ. ವರ್ಷಗಟ್ಟಲೆ ತಂಬಾಕಿನ ಉರಿ ತಿಂದ ಜೀವಕೋಶಗಳು ದಾರಿತಪ್ಪಿ ಬೆಳೆಯತೊಡಗಿವೆ. ಇಂತಹ ಮಚ್ಚೆಗಳಲ್ಲಿ ಕೆಲವು ಕ್ಯಾನ್ಸರಿಗೆ ತಿರುಗುತ್ತವೆ. ಹೊಗೆಸೊಪ್ಪು ಬೆಳೆದು ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ. ಹೇಳದೇ ಇರುವುದು ಇನ್ನೂ ಕಷ್ಟ. ಎರಡು ವಾರ ಕಳೆದರೂ ಹೋಗದ ಯಾವ ಮಚ್ಚೆಯನ್ನೂ, ನೋವಿಲ್ಲದಿದ್ದರೂ ಸರಿ, ದಂತವೈದ್ಯರಿಗೆ ತೋರಿಸಲೇಬೇಕು. ಎರಡು ವಾರವೆಂದರೆ ಗೋಡೆ ಒಮ್ಮೆ ಹೊಸದಾಗುವ ಅವಧಿ ಎಂಬುದನ್ನು ಮರೆಯಬಾರದು.

ಮಣ್ಣಿನಿಂದ ಬಂದ ಮದ್ದು

ಥ್ರಶ್‌ಗೆ ಮದ್ದು ಸಿಕ್ಕಿದ್ದು ಮಣ್ಣಿನಿಂದ. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಬೇರೆ ಬೇರೆ ಊರಿನಲ್ಲಿದ್ದುಕೊಂಡು ಅಂಚೆಯಲ್ಲೇ ಮಾದರಿಗಳನ್ನು ಕಳುಹಿಸಿಕೊಳ್ಳುತ್ತಾ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ನಿಸ್ಟಾಟಿನ್ ಔಷಧಿಯನ್ನು ಕಂಡುಹಿಡಿದರು. ಅದನ್ನು ಲೋಕಕ್ಕೆ ತಿಳಿಸಿದ್ದು 1950ರಲ್ಲಿ. ಬಂದ ಹಣವನ್ನು ಅವರು ತಮಗಾಗಿ ಇಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು.

ಕನ್ನಡ ನಾಡಿಗೂ ಈ ಕತೆಯಲ್ಲಿ ಪಾಲಿದೆ. ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ (1914-1999) ಶಿಲೀಂಧ್ರ ಶಾಸ್ತ್ರಜ್ಞರು. ಮೈಸೂರು ಸೀಮೆಯ ಗಿಡಮರಗಳ ಎಲೆಗಳ ಮೇಲಿನ ಶಿಲೀಂಧ್ರಗಳನ್ನು ಹುಡುಕಿ ಅಭ್ಯಾಸ ಮಾಡಿದವರು. ಮುಂದೆ ಪುಣೆಯ ಬಳಿಯ ಪಿಂಪ್ರಿಯಲ್ಲಿ, ಸರ್ಕಾರಿ ಸ್ವಾಮ್ಯದ ಹಿಂದುಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆಯ ಸಂಶೋಧನಾ ವಿಭಾಗವನ್ನು ನಡೆಸಿದರು. ಅವರೂ ಅವರ ಜೊತೆಗಾರರೂ ಪಿಂಪ್ರಿಯ ಹೆಸರನ್ನೇ ಹೊತ್ತ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಸೂಕ್ಷ್ಮಜೀವಿಯಿಂದ ಪಡೆದ ಶಿಲೀಂಧ್ರನಾಶಕವನ್ನು 1961ರಲ್ಲಿ ಪ್ರಕಟಿಸಿದರು. ಅದರ ಹೆಸರು ಹ್ಯಾಮೈಸಿನ್. ಬಾಯಿಯ ಥ್ರಶ್‌ಗೆ ಹಚ್ಚುವ ಔಷಧಿಯಾಗಿ ಅದು ಭಾರತದಲ್ಲಿ ಬಳಕೆಗೆ ಬಂತು. ಎಲೆಯ ಮೇಲಿನ ಬೂಷ್ಟನ್ನು ನೋಡುತ್ತಾ ಹೊರಟವರು ಮಕ್ಕಳ ಬಾಯಿಯ ಬೂಷ್ಟಿಗೆ ಮದ್ದು ಕೊಟ್ಟರು.

ನಿಸ್ಟಾಟಿನ್, ಹ್ಯಾಮೈಸಿನ್ ಎರಡೂ ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ವಸ್ತುವನ್ನು ಹಿಡಿದು ಪೊರೆಯನ್ನೇ ಕೆಡಿಸುತ್ತವೆ. ಮನುಷ್ಯನ ಪೊರೆಯಲ್ಲಿ ಅದರ ಬದಲು ಕೊಲೆಸ್ಟೆರಾಲ್ ಇರುವುದರಿಂದ ನಮ್ಮ ಕೋಶಗಳಿಗೆ ಅಷ್ಟು ತೊಂದರೆಯಿಲ್ಲ. ಪೊರೆ ಕೆಡಿಸಲು ಬಂದವನ ಪೊರೆಯನ್ನೇ ಕೆಡಿಸುವ ಉಪಾಯ! ಆದರೆ ಮದ್ದು ಕಳ್ಳನನ್ನು ಹೊರಗೆ ಹಾಕುತ್ತದೆಯೇ ಹೊರತು ಕಾವಲಿಗೆ ಕೂರುವುದಿಲ್ಲ. ಕಾವಲು ಸಡಿಲವಾದ ಕಾರಣವನ್ನು ಸರಿಪಡಿಸದಿದ್ದರೆ ಬಿಳಿ ಪದರ ಮತ್ತೆ ಬರುತ್ತದೆ. ಕ್ಯಾಂಡಿಡಾ ರಕ್ತಕ್ಕೆ ಇಳಿದರೆ ಅದು ಬಾಯಿಯ ತೊಂದರೆಯಾಗಿ ಉಳಿಯುವುದಿಲ್ಲ. ತೀವ್ರ ಅನಾರೋಗ್ಯದಿಂದ ಆಸ್ಪತ್ರೆ ಸೇರಿದವರ ಪ್ರಾಣವನ್ನೇ ತೆಗೆಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಮೊದಲ ಸಾಲಿನಲ್ಲಿ ಇದೂ ಇದೆ.

ಮತ್ತೆ ಆ ಮನೆಗೆ ಬಂದರೆ, ಒಂಬತ್ತನೆಯ ತರಗತಿಯ ಹುಡುಗ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಗೂಡಿನಲ್ಲಿದ್ದ ಇನ್ಹೇಲರನ್ನು ತೆಗೆದು ಅಜ್ಜಿಯ ಕೈಗೆ ಕೊಡುವುದು. "ಅಜ್ಜಿ, ಮದ್ದು ಬುಡಬ್ಯಾಡ. ಎಳ್ಕಂಡ ಮ್ಯಾಲೆ ಬಾಯಿ ಮುಕ್ಕುಳಿಸಿ ಉಗುದ್ಬುಡು. ನಾಳೀಕೆ ಡಾಕ್ಟ್ರಿಗೂ ತೋರ್ಸನ" ಎನ್ನುವುದು. ಕೂಸಿನ ನಾಲಿಗೆಯನ್ನು ಉಜ್ಜಲು ಹೊರಟ ಅವ್ವನ ಕೈ ತಡೆಯುವುದು. ತಾತನನ್ನು ಹೇಗಾದರೂ ಒಪ್ಪಿಸಿ ಅದೇ ಬಸ್ಸಿನಲ್ಲಿ ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವಂತೆ ಅಪ್ಪನಿಗೆ ಹೇಳುವುದು.

ಮುಂದಿನ ಸಲ ಪ್ರಯೋಗಶಾಲೆಯಲ್ಲಿ ಕೆನ್ನೆಯ ಕೋಶವನ್ನು ನೋಡುವ ವಿದ್ಯಾರ್ಥಿ ಚಿತ್ರ ಬರೆಯುವ ಮೊದಲು ಒಂದು ಗಳಿಗೆ ಸುಮ್ಮನೆ ನೋಡಲಿ. ನೀಲಿ ಬಣ್ಣದ ಆ ಹಪ್ಪಳದ ಚೂರು ತನ್ನ ಪಾಳಿ ಮುಗಿಸಿ ಕೆಳಗಿಳಿದ ಕಾವಲುಗಾರ. ಅದರ ಜಾಗಕ್ಕೆ ಇನ್ನೊಂದು ಆಗಲೇ ಬಂದು ನಿಂತಿದೆ.